ಎರಡು ಮೊಳದಾಚೆ ನೆರಳು

ಕನ್ನೊಳ್ಳಿಯ ಮಡ್ಡಿ ದಿಬ್ಬದ ನೆತ್ತಿಯಲ್ಲಿ ಒಂದೇ ಒಂದು ಬೇವಿನ ಮರ. ಅದರ ನೆರಳು ಇಬ್ಬರು ಕಾಲು ಚಾಚಿ ಮಲಗುವಷ್ಟು ದೊಡ್ಡದು. ಸುತ್ತ ಹರದಾರಿ ನಡೆದರೂ ಇನ್ನೊಂದು ನೆರಳು ಸಿಗದು. ಆದರೆ ಬಾಂದು ಸಂಗಣ್ಣ ಮೂವತ್ತೊಂದು ವರ್ಷಗಳಿಂದ ಊಟದ ಹೊತ್ತಿಗೆ ಆ ನೆರಳಿಗೆ ಎರಡು ಮೊಳ ಆಚೆ, ಬರಿಯ ಬಂಡೆಯ ಮೇಲೆ, ಟವೆಲ್ ಹಾಸಿ, ಬಿಸಿಲಿನಲ್ಲೇ ಕೂರುತ್ತ ಬಂದಿದ್ದಾನೆ. ಮೇ ತಿಂಗಳಲ್ಲಿ ಕಾಗೆಗಳೂ ನೆಲಕ್ಕಿಳಿಯದ ಹೊತ್ತಿನಲ್ಲಿ ಅವನು ಅಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚುತ್ತಾನೆ, ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯುತ್ತಾನೆ, ಒಂದು ಚಂಬು ನೀರು ಕುಡಿದು ಎದ್ದು ಹೋಗುತ್ತಾನೆ. "ಎರಡು ಮೊಳ ಸರಕೊಳ್ಳೋ ಯಪ್ಪಾ" ಎಂದು ಅವನಿಗೆ ಹೇಳದವರು ನಾಲ್ಕು ತಾಲ್ಲೂಕಿನಲ್ಲಿ ಯಾರೂ ಉಳಿದಿಲ್ಲ. ಅವನು ಸರಿದಿಲ್ಲ.

ಇಂಥ ಮನುಷ್ಯನನ್ನು ಜನ ಸುಮ್ಮನೆ ಬಿಡುವುದಿಲ್ಲ. ಇಂಡಿ ಪಟ್ಟಣದ ಬಸ್ ನಿಲ್ದಾಣದ ಚಹಾದಂಗಡಿಯ ಪ್ರಕಾರ ಆ ಬಂಡೆಯ ಕೆಳಗೆ ಏಳು ಕೊಪ್ಪರಿಗೆ ಬಂಗಾರವಿದೆ, ಸಂಗಣ್ಣ ಅದರ ಮುಚ್ಚಳ. ಮುದ್ದೇಬಿಹಾಳದವರು ಅಷ್ಟು ಆಸೆಬುರುಕರಲ್ಲ. ಅವನ ತಲೆಯೊಳಗೆ ಉತ್ತರ ದಿಕ್ಕು ಕೂತಿದೆ, ದಿನಕ್ಕೆ ಒಂದು ತಾಸು ಬಿಸಿಲು ತಾಗದಿದ್ದರೆ ಅದು ತುಕ್ಕು ಹಿಡಿಯುತ್ತದೆ ಎನ್ನುತ್ತಾರೆ. ಬಸವನ ಬಾಗೇವಾಡಿಯ ಕಡೆ, ಅವನ ಹಟಕ್ಕೆ ಸೋತೇ ಸೂರ್ಯ ಮಧ್ಯಾಹ್ನದ ಮೇಲೆ ಇಳಿಯತೊಡಗುತ್ತಾನೆ ಎಂಬ ನಂಬಿಕೆ ಇದೆ. ಸೂರ್ಯ ಎಲ್ಲ ಕಡೆಯೂ ಮಧ್ಯಾಹ್ನದ ಮೇಲೇ ಇಳಿಯುತ್ತಾನೆಂದು ಅವರಿಗೆ ಯಾರೂ ತಿಳಿಸಿಲ್ಲ. ಆದರೆ ಕೊನೆಗೆ ಗಟ್ಟಿಯಾಗಿ ನಿಂತದ್ದು ಸಿಂದಗಿ ತಾಲ್ಲೂಕಿನ ರೈತರ ಮಾತು: ಆ ಜಾಗದಲ್ಲಿ ಕೂತು ಸಂಗಣ್ಣ ಹೇಳಿದ ಗಡಿ ಸುಳ್ಳಾಗುವುದಿಲ್ಲ.

ಸಂಗಣ್ಣ ಭೂಮಾಪನ ಕಚೇರಿಯ ಬಾಂದು ಜವಾನ; ಬಾಂದು ಎಂದರೆ ಗಡಿಕಲ್ಲು. ಅಳತೆಯವರು ಬಂದಾಗ ಸರಪಳಿ ಹಿಡಿಯುವುದು, ಗಡಿಕಲ್ಲು ನೆಡುವುದು, ಬಿದ್ದ ಕಲ್ಲು ಎಬ್ಬಿಸುವುದು ಅವನ ಕೆಲಸ. ಹಿರಿಯರದು ಕುರಿಯ ಬದುಕು. ಇಪ್ಪತ್ತಾರರ ವಯಸ್ಸಿನಲ್ಲಿ ಅವನು ಸರ್ಕಾರಕ್ಕೆ ಸೇರಿದ ಬಗೆಯೂ ಒಂದು ಪುರಾಣವೇ. ಅಳತೆಗೆ ಬಂದ ಸಾಹೇಬರು ದಾರಿಯಲ್ಲಿ ಕುರಿ ಮೇಯಿಸುತ್ತಿದ್ದವನ ಕೈಗೆ ಒಂದು ಕೋಲು ಕೊಟ್ಟು, "ಇಲ್ಲೇ ಹಿಡಕೊಂಡು ನಿಂದ್ರು" ಎಂದು ಹೇಳಿ, ಆಮೇಲೆ ಅವನನ್ನು ಮರೆತು ಊಟಕ್ಕೆ ಹೋಗಿ, ಉಂಡು, ಮಲಗಿ, ಸಂಜೆ ನಾಲ್ಕಕ್ಕೆ ಬಂದು ನೋಡಿದರೆ ಕೋಲು ನೆಟ್ಟಗಿತ್ತು, ಅದರ ಹಿಂದೆ ಸಂಗಣ್ಣನೂ ನೆಟ್ಟಗಿದ್ದ. ಕುರಿಗಳು ಮಾತ್ರ ತಾವೇ ಮನೆಗೆ ಹೋಗಿದ್ದವು. ಮರುದಿನ ಅವನ ಅಂಗಿಗೆ ಹಿತ್ತಾಳೆಯ ಬಿಲ್ಲೆ ಬಂತು.

ಅಂದಿನಿಂದ ಜಗಳದ ಹೊಲಕ್ಕೆ ಹೋದರೆ ಅವನು ಆ ಮನೆಯ ಚಹಾ ಕುಡಿಯುವುದಿಲ್ಲ, ಈ ಮನೆಯ ನೀರೂ ಮುಟ್ಟುವುದಿಲ್ಲ. ಹೂವಿನ ಹಿಪ್ಪರಗಿಯಲ್ಲಿ ಹೆಂಡತಿ ರೇವವ್ವನ ತಮ್ಮ ಸಿದ್ಧರಾಮನ ಗಡಿ ನೋಡಲು ಹೋದವನು, "ನಿನ್ನ ಬದು ಒಂದೂವರೆ ಗೇಣು ಪರರ ಹೊಲದಾಗ ಕುಂತೈತಿ" ಎಂದು ಭಾವಮೈದುನನಿಗೇ ಹೇಳಿ ಬಂದ. ರೇವವ್ವ ಹನ್ನೊಂದು ತಿಂಗಳು ಅವನೊಂದಿಗೆ ಮಾತಾಡಲಿಲ್ಲ. ರೊಟ್ಟಿ ಒಂದು ದಿನವೂ ತಪ್ಪಿಸಲಿಲ್ಲ. ತಾಟನ್ನು ನೆಲಕ್ಕಿಡುವ ಸದ್ದಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು.

ಇಂಥವನ ಮಾತು ಬೀಳುವ ಹೊತ್ತು ಕಳೆದ ಮೇ ತಿಂಗಳಲ್ಲಿ ಬಂತು. ಬೀಳಿಸಬೇಕಾದ ಕೈ ಸುನಂದಾಳದು.

ಸುನಂದಾ ದೇಶದ ದೊಡ್ಡ ಅಳತೆಯ ಇಲಾಖೆಯ ಅಧಿಕಾರಿ, ವಯಸ್ಸು ಮೂವತ್ತೆರಡು, ಮುದ್ದೇಬಿಹಾಳದ ಕಡೆಯ ಹೆಣ್ಣುಮಗಳು. ಅವಳಿಗೆ ವಹಿಸಿದ ಕೆಲಸ ಕೇಳುವುದಕ್ಕೆ ಸರಳ. ಒಂದೂವರೆ ಶತಮಾನದ ಹಿಂದೆ ಬಿಳಿಯ ಸಾಹೇಬರು ಆಳೆತ್ತರದ ದುರ್ಬೀನುಗಳನ್ನು ಹೊರಿಸಿಕೊಂಡು, ಗುಡ್ಡದಿಂದ ಗುಡ್ಡಕ್ಕೆ ದೀಪ ನೋಡಿ, ಕೋನ ಅಳೆದು, ದೇಶದ ತುಂಬ ತ್ರಿಕೋನಗಳ ಬಲೆ ನೇಯ್ದಿದ್ದರು. ಬಲೆಯ ಒಂದೊಂದು ಗಂಟಿಗೂ ಒಂದು ಕಲ್ಲು, ಕಲ್ಲಿನ ಮೇಲೊಂದು ವೃತ್ತ, ವೃತ್ತದ ನಡುವೆ ಒಂದು ಚುಕ್ಕೆ. ಹಳೆಯ ನಕ್ಷೆಗಳೆಲ್ಲ ಆ ಚುಕ್ಕೆಗಳಿಗೆ ಜೋತುಬಿದ್ದಿವೆ. ಈಗ ಹೊಸ ಬಲೆ ಬಂದಿದೆ. ಅಲ್ಲಲ್ಲಿ ಮಾಳಿಗೆಗಳ ಮೇಲೆ ಹಗಲಿರುಳು ಉಪಗ್ರಹಗಳ ಮಾತಿಗೆ ಕಿವಿಗೊಟ್ಟು ನಿಂತ ಕಂಬಗಳ ಬಲೆ ಅದು. ಹಳೆಯದು ಭೂಮಿಯ ಆಕಾರವನ್ನು ನಮ್ಮ ದೇಶಕ್ಕೆ ಒಪ್ಪುವಂತೆ ಹೊಲಿಸಿಕೊಂಡಿತ್ತು, ಹೊಸದು ಇಡೀ ಭೂಮಿಯ ಮೈಯಳತೆ ತೆಗೆದುಕೊಂಡಿದೆ. ಹಾಗಾಗಿ ಹಳೆಯ ಅಂಕಿಗಳನ್ನು ಹೊಸ ನಕ್ಷೆಯ ಮೇಲಿಟ್ಟರೆ ಗುಡಿ, ಬಾವಿ, ಹೊಲ ಎಲ್ಲವೂ ಸುಮಾರು ನೂರೈವತ್ತು ಮೀಟರು ಆಚೆ ಹೋಗಿ ಕೂತಂತೆ ಕಾಣುತ್ತವೆ. ಎಷ್ಟು ಸರಿದಿವೆ, ಯಾವ ಕಡೆಗೆ ಸರಿದಿವೆ ಎಂದು ತಿಳಿದರೆ ಹಳೆಯ ನಕ್ಷೆಗಳನ್ನು ಹೊಸದಕ್ಕೆ ದಾಟಿಸಬಹುದು. ಅದಕ್ಕೆ ನಾಲ್ಕು ತಾಲ್ಲೂಕಿನ ಆರು ಹಳೆಯ ಕಲ್ಲುಗಳ ಮೇಲೆ ಹೊಸ ಯಂತ್ರ ನಿಲ್ಲಿಸಿ ಹೋಲಿಸಿ ನೋಡಬೇಕು.

ಇದನ್ನು ಅವಳು ಜೀಪಿನಲ್ಲಿ ವಿವರಿಸಿದಾಗ ಚಾಲಕ ತೌಸಿಫ, "ತಿಳೀತ್ರಿ ಮೇಡಂ" ಎಂದ. "ಬಸ್ ನಡದ್ರ ಒಳಗ ಕುಂತವ್ರೆಲ್ಲಾ ಕೂಡೇ ನಡದಂಗ. ಅದಕ್ಕ ಯಾರೂ ಗಾಬರಿ ಆಗಂಗಿಲ್ಲ. ಆದ್ರ ನಡುವ ಒಬ್ಬ ಎದ್ದು ಸೀಟ್ ಬದಲಿ ಮಾಡಿದ ಅಂದ್ರ ಕಂಡಕ್ಟರ್ ಕೇಳ್ತಾನ."

"ಅಷ್ಟ ನೋಡು. ನಾನು ಕಂಡಕ್ಟರ್."

ಹಿಂದಿನ ಸೀಟಿನಲ್ಲಿ ದಾರಿ ತೋರಿಸಲು ಕೂತಿದ್ದ ಸಂಗಣ್ಣ ಮುಂದಿನ ತಿರುವಿಗೆ ಕೈ ಚಾಚಿದ.

ಐದು ದಿನದಲ್ಲಿ ಐದು ಕಲ್ಲು ಮುಗಿದವು. ಇಂಡಿ ತಾಲ್ಲೂಕಿನ ಎರಡು ಕಲ್ಲುಗಳಲ್ಲಿ ಒಂದು ನಿಂಬೆಯ ತೋಟದ ಬೇಲಿಯೊಳಗಿತ್ತು. ಮುದ್ದೇಬಿಹಾಳದ್ದು ಗುಡ್ಡದ ತುದಿಯಲ್ಲಿ ಮಂಗಗಳ ವಶದಲ್ಲಿತ್ತು. ಮುಳವಾಡದ್ದನ್ನು ಕಾಲುವೆಯ ಮಣ್ಣಿನ ರಾಶಿಯ ಕೆಳಗಿಂದ ಅಗೆದು ತೆಗೆದರು. ಹೂವಿನ ಹಿಪ್ಪರಗಿಯದನ್ನು ಸಿದ್ಧರಾಮನೇ ಬಂದು ತೋರಿಸಿ, ಸಂಗಣ್ಣನ ಮುಖ ನೋಡದೆ ಹೋದ. ಐದೂ ಕಲ್ಲುಗಳು ಒಂದೇ ದಿಕ್ಕಿಗೆ ಒಂದೇ ದೂರ ಸರಿದಂತೆ ತೋರಿಸಿದವು. ಒಂದಕ್ಕೂ ಇನ್ನೊಂದಕ್ಕೂ ಗೇಣಿಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ದೀಪ ನೋಡಿ ಅಳೆದ ಆ ಹಳಬರ ಮೇಲೆ ಸುನಂದಾಗೆ ಮೆಚ್ಚುಗೆ ಹುಟ್ಟಿತು. ಯಾರೂ ಸೀಟು ಬದಲಿಸಿರಲಿಲ್ಲ.

ಆರನೆಯದು ಕನ್ನೊಳ್ಳಿಯ ಮಡ್ಡಿ.

ಅಲ್ಲಿನ ಕಲ್ಲು ಬರಿಯ ಕಲ್ಲಲ್ಲ. ಬೇವಿನ ಬುಡದ ನೆರಳಿನಲ್ಲಿ, ಮೊಳಕಾಲೆತ್ತರದ ಚೌಕ ಕಲ್ಲಾಗಿ, ಮೈತುಂಬ ಕುಂಕುಮ, ಎಣ್ಣೆ, ಬೆಲ್ಲದ ಅಂಟು ಮೆತ್ತಿಕೊಂಡು ಕೂತವಳು ದುರ್ಬೀನವ್ವ. ಸಾಹೇಬರು ದುರ್ಬೀನು ಹೂಡಿ ತಪಸ್ಸು ಮಾಡಿದ್ದಕ್ಕೆ ಮೆಚ್ಚಿ ಭೂಮಿಯೊಳಗಿಂದ ತಾನಾಗಿಯೇ ಎದ್ದು ಬಂದ ದೇವಿ ಎಂಬುದು ಊರಿನ ಮಾತು. ಪೂಜೆ ಕಸ್ತೂರೆವ್ವನದು. ಎಪ್ಪತ್ತು ದಾಟಿದ ಆ ಮುದುಕಿ, ದೇವಿಯ ನೆತ್ತಿ ಒರೆಸಿ ಚುಕ್ಕೆ ಹುಡುಕಲು ಒಪ್ಪುವ ಮೊದಲು ಸುನಂದಾಳಿಂದ ಐದು ತೆಂಗಿನಕಾಯಿ ಒಡೆಸಿದಳು. ಚುಕ್ಕೆ ಸಿಕ್ಕಿತು. ಅದರ ನೇರಕ್ಕೆ ಮುಕ್ಕಾಲಿ ನಿಲ್ಲಿಸಿ, ಮೇಲೆ ಬಿಳಿಯ ಬೋಗುಣಿಯಂಥ ಯಂತ್ರ ಕೂರಿಸಿದಾಗ ಕಸ್ತೂರೆವ್ವ ಗಲ್ಲ ಗಲ್ಲ ಬಡಿದುಕೊಂಡು, "ನಮ್ಮವ್ವಗ ಛತ್ರಿ ಬಂತು" ಎಂದಳು. ಸಂಗಣ್ಣ ತನ್ನ ಬಂಡೆಗೆ ಹೋಗಿ ಟವೆಲ್ ಹಾಸಿ ಕೂತ. ತೌಸಿಫ ಮರದ ಕೆಳಗೆ ಒರಗಲು ಹೋಗಿ, ಕಾಲು ಜಾಡಿಸಿ, ಬೈದು, ಜೀಪಿಗೆ ಹೋಗಿ ಕೂತ.

ಹನ್ನೊಂದೂವರೆಗೆ ಉತ್ತರ ಬಂತು. ಸುನಂದಾ ಅಂಕಿಯನ್ನು ಎರಡು ಸಲ ಓದಿದಳು. ಉಳಿದ ಐದರ ಜೊತೆ ಹೋಲಿಸಿದಳು. ಕನ್ನೊಳ್ಳಿಯ ಕಲ್ಲು ತನ್ನ ಜಾಗದಲ್ಲಿ ಇರಲಿಲ್ಲ. ಹೆಚ್ಚುಕಡಿಮೆ ಒಂದು ಮೀಟರು ಸರಿದಿತ್ತು.

ಅವಳು ಯಂತ್ರ ಇಳಿಸಿದಳು. ಮುಕ್ಕಾಲಿಯನ್ನು ಮತ್ತೆ ಚುಕ್ಕೆಯ ನೇರಕ್ಕೆ ತಂದಳು. ಎತ್ತರ ಮತ್ತೊಮ್ಮೆ ಅಳೆದಳು. ಇನ್ನೊಂದು ತಾಸು ಕಾದಳು. ಬಿಸಿಲಿಗೆ ಯಂತ್ರದ ಬ್ಯಾಟರಿ ಒಂದು ಮುಗಿದು, ಕೊನೆಯದನ್ನು ಹಾಕಬೇಕಾಯಿತು. ಉತ್ತರ ಅದೇ.

ವಿಷಯ ಅಲ್ಲಿಗೇ ನಿಲ್ಲುವ ಹಾಗಿರಲಿಲ್ಲ. ಹಳೆಯ ಕಲ್ಲುಗಳಿಗೆಲ್ಲ ಕಚೇರಿಯಲ್ಲಿ ಒಂದು ಪುಸ್ತಕವಿದೆ. ಪ್ರತಿ ವರ್ಷ ಒಬ್ಬರು ಹೋಗಿ ನೋಡಿ, ಕಲ್ಲು ಹೇಗಿದೆ ಎಂದು ಬರೆದು ಸಹಿ ಹಾಕಬೇಕು. ಕನ್ನೊಳ್ಳಿಯ ಪುಟದಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಕೈಬರಹ, ಒಂದೇ ಪದ: "ಅಲುಗಿಲ್ಲ." ಕೆಳಗೆ ಸಂಗಣ್ಣನ ಸಹಿ.

ಸುನಂದಾ ಫೋನು ಮಾಡಿದಾಗ ಶಿಬಿರದಲ್ಲಿ ಕೂತಿದ್ದ ದೊಡ್ಡ ಸಾಹೇಬರು ಅರ್ಧ ಕೇಳಿಸಿಕೊಂಡು ಪೂರ್ತಿ ತೀರ್ಮಾನ ಮಾಡಿದರು. ಕಲ್ಲು ಸರಿದಿದೆ ಎಂದರೆ ಯಾರೋ ಸರಿಸಿದ್ದಾರೆ, ಕಾಯುವವನು ನೋಡದೆ ಸಹಿ ಹಾಕಿದ್ದಾನೆ. "ಕಾರಣ ಎಂಬ ಕಾಲಂ ಖಾಲಿ ಬಿಡಬೇಡಿ. ನಾಲ್ಕು ಗಂಟೆಗೆ ವರದಿ ನನ್ನ ಮುಂದಿರಲಿ. ಆ ಮನುಷ್ಯನ ಮೇಲೆ ಕ್ರಮ ನಾನು ನೋಡಿಕೊಳ್ಳುತ್ತೇನೆ."

ಮಡ್ಡಿಯ ಮೇಲೆ ಗುಟ್ಟು ಉಳಿಯುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ಇಪ್ಪತ್ತು ಜನ ಮೇಲೆ ಬಂದಿದ್ದರು. ಅವರಲ್ಲಿ ಎಲ್ಲರಿಗಿಂತ ಮೊದಲು ಬಂದವನು ಶ್ರೀಶೈಲ. ಹನ್ನೊಂದು ವರ್ಷದ ಹಿಂದೆ ಇದೇ ಬಂಡೆಯ ಮೇಲೆ ಕೂತು ಸಂಗಣ್ಣ ಹೇಳಿದ ಮಾತಿಗೆ ಶ್ರೀಶೈಲನ ಹೊಲದಿಂದ ನಾಲ್ಕು ಸಾಲು ಅವನ ದೊಡ್ಡಪ್ಪನ ಮಗನ ಪಾಲಿಗೆ ಹೋಗಿದ್ದವು. ಅಂದಿನಿಂದ ಅವನು ಕಾಯುತ್ತಿದ್ದ. ಈಗ ಮಡ್ಡಿಯ ಬುಡದಲ್ಲಿ, ಆ ಗಡಿಯ ಬದುವಿನ ಮೇಲೆಯೇ, ಅವನ ಟ್ರ್ಯಾಕ್ಟರು ನಿಂತಿತ್ತು. ಎಂಜಿನ್ ಬಂದ್ ಮಾಡಿರಲಿಲ್ಲ. ಅದರ ಗುಡುಗುಡು ಸದ್ದು ಮೇಲಿನವರೆಗೂ ಕೇಳುತ್ತಿತ್ತು.

"ಬಾಯಾರ, ನಿಮ್ಮ ಸಹಿ ಬೀಳಲಿ" ಎಂದ ಶ್ರೀಶೈಲ ಸುನಂದಾಳಿಗೆ, ಬಹಳ ವಿನಯದಿಂದ. "ದೇಶದ ಕಲ್ಲು ಸರದದ್ದು ತಿಳೀಲಾರದಾಂವ ನನ್ನ ಹೊಲದ ಕಲ್ಲಿನ ಬಗ್ಗೆ ಏನು ಹೇಳ್ಯಾನು? ನಿಮ್ಮ ಸಹಿ ಬಿತ್ತಂದ್ರ ಆ ಬದುವಿನ ಮ್ಯಾಲ ರಾಗಿಣಿ ಹಾಡಿಸ್ತೇನಿ."

"ಅದ್ಯಾರಪಾ ರಾಗಿಣಿ?" ಎಂದು ಕೇಳಿದ ತೌಸಿಫ.

"ನನ್ನ ಟ್ರ್ಯಾಕ್ಟರ್."

ಯಾರೂ ನಗಲಿಲ್ಲ. ಏಕೆಂದರೆ ಬಂದವರಲ್ಲಿ ಅರ್ಧದಷ್ಟು ಜನ ಸಂಗಣ್ಣನ ಮಾತಿನ ಮೇಲೆಯೇ ತಮ್ಮ ಬದುಗಳನ್ನು ನಿಲ್ಲಿಸಿಕೊಂಡವರು. ಒಂದು ಬದು ಬಿದ್ದರೆ ಪಕ್ಕದ್ದು ಬೀಳುತ್ತದೆ, ಅದು ಬಿದ್ದರೆ ಅದರ ಪಕ್ಕದ್ದು. ನಾಳೆ ಸಿಂದಗಿಯಿಂದ ಹಿಪ್ಪರಗಿಯವರೆಗೆ ಕುಡಗೋಲು, ಕೊಡಲಿ ಮಾತಾಡತೊಡಗುತ್ತವೆ. ಆ ಇಪ್ಪತ್ತು ಜನ ಒಬ್ಬರ ಮುಖ ಒಬ್ಬರು ನೋಡದೆ ನಿಂತ ರೀತಿಯಲ್ಲೇ ಅದು ಸುನಂದಾಗೆ ತಿಳಿಯಿತು.

ಅವಳು ಸಂಗಣ್ಣನ ಹತ್ತಿರ ಹೋಗಿ ನಿಂತಳು. "ನೀವು ಏನಂತೀರಿ?"

"ಅಲುಗಿಲ್ರಿ."

"ಕಲ್ಲು ಸರದೈತಿ ಅಂತ ಯಂತ್ರ ಹೇಳಾಕತ್ತೈತಿ."

"ಯಂತ್ರ ಇವತ್ತ ಬಂದೈತ್ರಿ ಬಾಯಾರ. ನಾ ಮೂವತ್ತೊಂದು ವರ್ಷದಿಂದ ಬರಾಕತ್ತೇನಿ." ಅವನು ಎದ್ದು ಸೊಂಟದ ಚೀಲದಿಂದ ಒಂದು ಹಗ್ಗ ತೆಗೆದ. ನಾರಿನ ಹಗ್ಗ, ಅದರಲ್ಲಿ ಮೂರು ಗಂಟು. ಕೆಲಸಕ್ಕೆ ಸೇರಿದ ಮೊದಲ ಯುಗಾದಿಗೆ ದೇವಿಯಿಂದ ಬೇವಿನ ಬುಡಕ್ಕೆ, ಬುಡದಿಂದ ಬಂಡೆಯ ಬಿರುಕಿಗೆ, ಬಿರುಕಿನಿಂದ ದೇವಿಗೆ ಅಳೆದು ಹಾಕಿದ ಗಂಟುಗಳು. ಪ್ರತಿ ಯುಗಾದಿಗೂ ಅಳೆದ ಮೇಲೆಯೇ ಸಹಿ. ತೌಸಿಫನಿಗೆ ಒಂದು ತುದಿ ಕೊಟ್ಟು ಎಲ್ಲರ ಮುಂದೆ ಈಗಲೂ ಅಳೆದ. ಮರ ದಪ್ಪಗಾದ ಎರಡು ಬೆರಳು ಬಿಟ್ಟರೆ ಮೂರು ಗಂಟೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು.

"ಹಗ್ಗ ಅವಂದು, ಗಂಟೂ ಅವಂದು" ಎಂದ ಶ್ರೀಶೈಲ. "ನಿನ್ನಿ ಹಾಕ್ಯಾನ ಅಂದ್ರ ಯಾರು ಬ್ಯಾಡ ಅಂತಾರ?"

ಸಂಗಣ್ಣ ಹಗ್ಗ ಸುತ್ತಿ ಚೀಲಕ್ಕೆ ಹಾಕಿ, ಮತ್ತೆ ತನ್ನ ಬಿಸಿಲಿಗೆ ಹೋಗಿ ಕೂತ. ರೊಟ್ಟಿಯ ಗಂಟು ಬಿಚ್ಚಿದ. ತಿನ್ನಲಿಲ್ಲ.

ಎರಡೂವರೆ. ಸುನಂದಾ ಜೀಪಿನ ಬಾನೆಟ್ಟಿನ ಮೇಲೆ ವರದಿ ಇಟ್ಟುಕೊಂಡು ನಿಂತಳು. ಅವಳಿಗೆ ಆ ಹಗ್ಗದ ಮೇಲೆ ನಂಬಿಕೆ ಬಂದಿತ್ತು. ಯಂತ್ರದ ಮೇಲೂ ನಂಬಿಕೆಯಿತ್ತು. ಎರಡನ್ನೂ ನಂಬಿದರೆ ಉಳಿಯುವುದು ಒಂದೇ ದಾರಿ, ದುರ್ಬೀನಿನವರು ತಪ್ಪಿದ್ದಾರೆ. ಆದರೆ ಐದು ಕಡೆ ಗೇಣಿನೊಳಗೆ ಹಿಡಿದವರು ಆರನೆಯ ಕಡೆ ಮಾತ್ರ ಇಡೀ ಮೀಟರು ಬಿಟ್ಟಾರೆ? ಆ ಕಲ್ಲನ್ನು ನೆಟ್ಟ ಬಗೆ ಹೇಗೆಂದು ಬರೆದ ಹಳೆಯ ಹಾಳೆ ಎಂದೋ ಗೆದ್ದಲಿಗೆ ಹೋಗಿತ್ತು. ಅವಳ ಕೈಯಲ್ಲಿದ್ದದ್ದು ಬರಿಯ ಅಂಕಿಗಳು. ಫೋನು ಮತ್ತೆ ಹೊಡೆದುಕೊಂಡಿತು. ಅವಳು ಎತ್ತಲಿಲ್ಲ. ಕೆಳಗೆ ಟ್ರ್ಯಾಕ್ಟರು ಗುಡುಗುಡು ಎನ್ನುತ್ತಲೇ ಇತ್ತು. ಪೆನ್ನಿನ ಮುಚ್ಚಳ ತೆಗೆದು, ಕಾರಣ ಎಂಬ ಕಾಲಮ್ಮಿನಲ್ಲಿ "ಕಾವಲು ಸಿಬ್ಬಂದಿಯ" ಎಂದು ಬರೆದಳು. ಮುಂದಿನ ಪದ ಕೈಯಿಂದ ಬರಲಿಲ್ಲ.

"ಮೇಡಂ, ಒಂದು ಮಾತು" ಎಂದ ತೌಸಿಫ. ಅವನು ಸುಮ್ಮನಿರಲಾರದೆ ಮಾತಾಡುವ ಜಾತಿ. "ಸೀಟ್ ಬದಲಿ ಮಾಡಿದಾಂವ ಸಿಕ್ಕ. ಖರೆ. ಆದ್ರ ಕಂಡಕ್ಟರ್ ಆದಾಂವ ಇನ್ನೊಂದು ನೋಡಬೇಕಲ್ರಿ. ಖಾಲಿ ಆದ ಸೀಟ್ ಯಾವುದು?"

ಸುನಂದಾ ಅವನನ್ನೇ ನೋಡಿದಳು. ಬೆಳಗಿನಿಂದ ಅವಳು ಸರಿದ ಉದ್ದವನ್ನಷ್ಟೇ ನೋಡುತ್ತಿದ್ದಳು. ಆ ಉದ್ದಕ್ಕೆ ದಿಕ್ಕೂ ಇತ್ತು. ಐದು ಕಲ್ಲುಗಳು ಒಟ್ಟಾಗಿ ಆರನೆಯದರ ನಿಜವಾದ ಜಾಗ ಯಾವುದೆಂದು ಹೇಳಬಲ್ಲವು. ಐದು ಕಲ್ಲುಗಳು ಸರಿದ ಅಳತೆಯನ್ನು ಕನ್ನೊಳ್ಳಿಯ ಹಳೆಯ ಅಂಕಿಗೆ ಕೂಡಿಸಿ ಯಂತ್ರಕ್ಕೆ ಕೊಟ್ಟರೆ, ಕೋಲಿನ ತುದಿಗೆ ಸಿಕ್ಕಿಸಿದ ಯಂತ್ರವೇ ಅಲ್ಲಿಗೆ ಕರೆದೊಯ್ಯುತ್ತದೆ.

ಅಂಕಿ ಕೂಡಿಸುವುದಕ್ಕೆ ಕಾಲು ತಾಸು ಹಿಡಿಯಿತು. ಕೊನೆಯ ಬ್ಯಾಟರಿಯಲ್ಲಿ ಒಂದು ಗೆರೆ ಉಳಿದಿತ್ತು. ಅವಳು ಕೋಲು ಹಿಡಿದು ದೇವಿಯ ನೆತ್ತಿಯಿಂದ ಹೊರಟಳು. ಯಂತ್ರ ಪಶ್ಚಿಮಕ್ಕೆ ಎಂದಿತು. ಅರ್ಧ ಹೆಜ್ಜೆ ಹಾಕಿದಳು. ಜನ ಎರಡು ಸಾಲಾಗಿ ದಾರಿ ಬಿಟ್ಟರು. ನೆರಳು ಮುಗಿಯಿತು. ಇನ್ನೂ ಪಶ್ಚಿಮಕ್ಕೆ. ಕೋಲಿನ ಬುಡ ಮಣ್ಣು ದಾಟಿ ಬಂಡೆಗೆ ತಾಗಿ ಟಣ್ ಎಂದಿತು. ಯಂತ್ರ ಕೀಂ ಕೀಂ ಎನ್ನತೊಡಗಿತು, ಹತ್ತಿರವಾದಂತೆ ಬೇಗ ಬೇಗ, ಆಮೇಲೆ ಒಂದೇ ಉಸಿರಿನ ಉದ್ದ ಕೂಗು.

ಕೋಲಿನ ತುದಿ ಸಂಗಣ್ಣನ ಮೊಳಕಾಲಿನ ಮುಂದೆ, ಅವನು ತಿನ್ನದೆ ಇಟ್ಟ ರೊಟ್ಟಿಯ ಗಂಟಿನ ಮೇಲೆ ನಿಂತಿತ್ತು.

"ಸಂಗಣ್ಣ, ಏಳ್ರಿ ಅಲ್ಲಿಂದ" ಎಂದಳು ಸುನಂದಾ.

ಸಂಗಣ್ಣ ಅದನ್ನು ಬೇರೆಯೇ ಅರ್ಥ ಮಾಡಿಕೊಂಡ. ನಿಧಾನ ಎದ್ದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಅಂಗಿಯ ಮೇಲಿನ ಹಿತ್ತಾಳೆಯ ಬಿಲ್ಲೆ ಬಿಚ್ಚಿದ. ಮೂವತ್ತೊಂದು ವರ್ಷ ಒಂದೇ ಕಡೆ ಕೂತ ಅದು ಬಟ್ಟೆಯನ್ನು ಸುಲಭಕ್ಕೆ ಬಿಡಲಿಲ್ಲ. ಅದನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ. "ತಗೋರಿ ಬಾಯಾರ. ಆದ್ರ ಕಲ್ಲು ಅಲುಗಿಲ್ಲ. ಅದನ್ನ ಮಾತ್ರ ಬದಲಿ ಮಾಡಿ ಹೇಳಂಗಿಲ್ಲ."

ಅವಳು ಬಿಲ್ಲೆಯನ್ನು ನೋಡಲೇ ಇಲ್ಲ. ಮಂಡಿಯೂರಿ ರೊಟ್ಟಿಯ ಗಂಟನ್ನು ಪಕ್ಕಕ್ಕೆ ಸರಿಸಿದಳು, ಅಂಗೈಯಿಂದ ದೂಳು ಒರೆಸಿದಳು, ಚಂಬಿನ ನೀರು ಸುರಿದಳು. ಬಂಡೆಯ ಮೈಯಲ್ಲಿ, ಸವೆದು ನುಣುಪಾಗಿ, ಅಂಗೈಯಗಲದ ಒಂದು ವೃತ್ತ ಎದ್ದು ಬಂತು. ನಡುವೆ ಚುಕ್ಕೆ. ಚುಕ್ಕೆಯ ಗುಳಿಯಲ್ಲಿ ನಾಲ್ಕು ಹರಳು ಉಪ್ಪು ಕರಗುತ್ತಿತ್ತು.

"ಆ ಗುಳಿ ನನಗ ಗೊತ್ತೈತ್ರಿ" ಎಂದ ಸಂಗಣ್ಣ. "ಊಟಕ್ಕ ಉಪ್ಪು ಇಟ್ಕೋತೇನಿ."

ಹಳಬರು ಹುಂಬರಾಗಿರಲಿಲ್ಲ. ಸುಲಭಕ್ಕೆ ಅಲುಗುವ ಕಲ್ಲನ್ನು ನಂಬದೆ, ಕೆಳಗೆ ಅಲುಗಲಾರದ ಬಂಡೆಯಲ್ಲಿ ಒಂದು ಗುರುತು ಕೊರೆದು, ಅದರ ನೇರ ಮೇಲೆ ಚೌಕ ಕಲ್ಲು ಕೂರಿಸಿ, ಅದಕ್ಕೂ ಅಂಥದೇ ಗುರುತು ಹಾಕಿದ್ದರು. ಸುನಂದಾ ಟೇಪು ಹಿಡಿದು ದೇವಿಯ ಚುಕ್ಕೆಯಿಂದ ಬಂಡೆಯ ಚುಕ್ಕೆಗೆ ಅಳೆದಳು. ಒಂದು ಮೀಟರಿಗೆ ಒಂದು ಸೆಂಟಿಮೀಟರು ಕಡಿಮೆ. ಎರಡು ಮೊಳ, ನಾಲ್ಕು ಬೆರಳು.

ಮಡ್ಡಿಯ ಮೇಲೆ ಒಂದು ಕ್ಷಣ ಸಮಾಧಾನ ಸುಳಿಯಿತು. ಶ್ರೀಶೈಲ ಅದನ್ನು ಅಲ್ಲಿರಲು ಬಿಡಲಿಲ್ಲ.

"ಅಂದ್ರ ದೇವಿ ಸರದಿದ್ದು ಖರೆ ಆತು" ಎಂದ. "ಈಗ ಸಾಕ್ಷಿನೂ ಸಿಕ್ತು. ಬಂಡೆಗಲ್ಲಿನ ಗುರುತಿನ ಮ್ಯಾಲ ಯಾರು ಕುಂತಾರ ನೋಡ್ರಿ. ಸರಿಸಿದಾಂವ ತಾನ ಅದನ್ನ ಮುಚ್ಚಿಕೊಂಡು ಕುಂತಾನ. ಹಿಂಗ್ಯಾಕ ಬಿಸಿಲಾಗ ಕುಂದರತಾನ ಅಂತ ಊರಿಗೆ ಇವತ್ತ ತಿಳೀತು."

ಅದು ಸರಿಯಾಗಿ ತಾಗಿತು. ಇಪ್ಪತ್ತು ಜೋಡಿ ಕಣ್ಣು ಬಂಡೆಯಿಂದ ಸಂಗಣ್ಣನ ಕಡೆಗೆ ತಿರುಗಿದವು. ಮೂವತ್ತೊಂದು ವರ್ಷದ ದಂತಕತೆ ಒಂದೇ ನಿಮಿಷದಲ್ಲಿ ಮಗ್ಗುಲು ಬದಲಿಸಿ ಅಪರಾಧವಾಗುವ ಸನ್ನಾಹದಲ್ಲಿತ್ತು. ಕಲ್ಲು ಸರಿದದ್ದು ಯಾವಾಗ? ಅದನ್ನು ಯಾವ ಉಪಗ್ರಹವೂ ಹೇಳಲಾರದು. ಸಂಗಣ್ಣನ ಅಂಗೈ ಇನ್ನೂ ಚಾಚಿಯೇ ಇತ್ತು, ಅದರಲ್ಲಿ ಬಿಲ್ಲೆ ಬಿಸಿಲಿಗೆ ಹೊಳೆಯುತ್ತಿತ್ತು. ಫೋನು ಇನ್ನೊಮ್ಮೆ ಹೊಡೆದುಕೊಂಡಿತು.

ಕಸ್ತೂರೆವ್ವ ಅಷ್ಟು ಹೊತ್ತು ದೇವಿಯ ಬೆನ್ನಿಗೆ ಒರಗಿ, ಸೆರಗಿನ ತುದಿ ಬಾಯಿಗೆ ಹಿಡಿದು ಕೂತಿದ್ದಳು. ಅವಳ ಕಣ್ಣು ಬಿಲ್ಲೆಯ ಮೇಲಿತ್ತು. ಹೇಳಿದರೆ ತಾನಾಗಿ ಎದ್ದ ದೇವಿ ಎಂಬ ಹೆಸರು ಹೋಗುತ್ತದೆ. ಹೇಳದಿದ್ದರೆ ಸಂಗಣ್ಣ ಹೋಗುತ್ತಾನೆ. ಮುದುಕಿ ದೇವಿಯ ಕಡೆ ಒಮ್ಮೆ ತಿರುಗಿ ಏನೋ ಗುನುಗಿದಳು. ಅಪ್ಪಣೆ ಕೇಳಿದಳೋ, ಕ್ಷಮೆ ಕೇಳಿದಳೋ.

"ಶ್ರೀಶೈಲ, ಬಾಯಿ ಮುಚ್ಚು" ಎಂದಳು. "ಸರಿಸಿದಾಕಿ ನಮ್ಮತ್ತಿ."

ಇಪ್ಪತ್ತು ಜನ ದೇವಿಯ ಕಡೆ ತಿರುಗಿದರು.

"ನಾ ಸೊಸಿಯಾಗಿ ನಡೀಲಿಕ್ಕೆ ಬಂದ ವರ್ಷ. ದೇವಿ ಆವಾಗ ಬಂಡೆಗಲ್ಲಿನ ಮ್ಯಾಲ ಬಿಸಿಲಾಗ ಇದ್ಲು. ಬ್ಯಾಸಿಗ್ಯಾಗ ಎಣ್ಣಿ ಹಚ್ಚಿದ್ರ ನೆತ್ತಿ ಚುರ್ ಅನ್ನತಿತ್ತು. 'ನಾವು ನೆರಳಾಗ, ಹಡದವ್ವ ಬಿಸಿಲಾಗ, ಇದ್ಯಾವ ನ್ಯಾಯ' ಅಂತ ನಮ್ಮತ್ತಿ ನನ್ನೂ ಹಿಡದು ಮೂರು ಮಂದಿ ಹೆಂಗಸರನ್ನ ಕರಕೊಂಡು ಬಂದ್ಲು. ಒನಕಿ ಹಾಕಿ ಎಬ್ಬಿಸಿ, ಎರಡು ಮೊಳ ಸರಿಸಿ, ಬೇವಿನ ಸಸಿ ಬುಡಕ್ಕ ಕುಂದರಿಸಿದಿವಿ. ನಾನೂ ಒನಕಿ ಹಿಡದಿದ್ದೆ. 'ಗಂಡಸರಿಗೆ ಹೇಳಿದ್ರ ನಾಲಿಗಿ ಬೀಳತೈತಿ' ಅಂತ ಆಣಿ ಹಾಕಿದ್ಲು. ಹೇಳಲಿಲ್ಲ." ಅವಳು ಸಂಗಣ್ಣನ ಕಡೆ ಬೊಟ್ಟು ಮಾಡಿದಳು. "ಇಂವ ಆಗ ಚಡ್ಡಿನೂ ಇಲ್ಲದ ಹುಡುಗ. ನಮ್ಮ ಹಿಂದ ಕುರಿ ಮರಿ ಎತ್ಕೊಂಡು ನಿಂತಿದ್ದ. ಇವನಿಗೇನು ನೆಪ್ಪಿರತೈತಿ?"

"ಇಲ್ಲಬೇ" ಎಂದ ಸಂಗಣ್ಣ ಪ್ರಾಮಾಣಿಕವಾಗಿ. "ಚಡ್ಡಿ ಇಲ್ಲದ್ದೂ ನೆಪ್ಪಿಲ್ಲ."

ಮೊದಲು ನಕ್ಕವನು ತೌಸಿಫ. ಆಮೇಲೆ ಒಬ್ಬೊಬ್ಬರಾಗಿ ಇಪ್ಪತ್ತು ಜನ. ದೇವಿಯ ಹೆಸರಿಗೂ ಧಕ್ಕೆಯಾಗಲಿಲ್ಲ. ಸಾಹೇಬರ ದುರ್ಬೀನಿಗೆ ಬಗ್ಗದವಳು ನಾಲ್ಕು ಹೆಂಗಸರ ಒನಕೆಗೆ ಒಲಿದಳು ಎಂದು ಅಲ್ಲೇ ಒಬ್ಬ ಹೊಸ ಕತೆ ಶುರುಮಾಡಿದ. ಶ್ರೀಶೈಲ ಕಸ್ತೂರೆವ್ವನ ಮುಖ ನೋಡಿ ಮಡ್ಡಿ ಇಳಿದ. ಸ್ವಲ್ಪ ಹೊತ್ತಿಗೆ ಕೆಳಗೆ ಟ್ರ್ಯಾಕ್ಟರಿನ ಸದ್ದು ನಿಂತಿತು. ಆ ಸದ್ದು ನಿಂತ ಮೇಲೆಯೇ ಮಡ್ಡಿಯ ಮೇಲೆ ಗಾಳಿಯೂ ಇದೆ ಎಂದು ಎಲ್ಲರಿಗೂ ತಿಳಿದದ್ದು.

ಸುನಂದಾ ಬರೆದಿದ್ದ ಎರಡು ಪದಗಳನ್ನು ಹೊಡೆದು ಹಾಕಿದಳು. ಬಿಲ್ಲೆಯನ್ನು ತಾನೇ ತೆಗೆದುಕೊಂಡು ಸಂಗಣ್ಣನ ಅಂಗಿಗೆ ಸಿಕ್ಕಿಸಿದಳು. ಫೋನು ಎತ್ತಿ ದೊಡ್ಡ ಸಾಹೇಬರಿಗೆ ಮೂರು ವಾಕ್ಯ ಹೇಳಿದಳು. ಹೊಸ ಬಲೆಯ ಅಂಕಿಗೂ ಬಂಡೆಯ ಗುರುತಿಗೂ ನಾಲ್ಕು ಬೆರಳಿನ ವ್ಯತ್ಯಾಸ, ಆರು ಗುರುತುಗಳಲ್ಲಿ ಅತ್ಯಂತ ಚೊಕ್ಕಟವಾಗಿ ಉಳಿದದ್ದು ಕನ್ನೊಳ್ಳಿಯದು, ಕಾವಲಿನವನ ಸಹಿಯಲ್ಲಿ ತಪ್ಪಿಲ್ಲ. ಆಮೇಲೆ ಸಾಹೇಬರು, ಅದು ಅಷ್ಟು ಚೊಕ್ಕಟವಾಗಿ ಉಳಿದದ್ದು ಹೇಗೆಂದು ಅದನ್ನೂ ಬರೆದುಬಿಡಿ, ಮಾದರಿಯಾಗುತ್ತದೆ ಎಂದರು.

ಸುನಂದಾ ಪೆನ್ನು ಹಿಡಿದು ಸಂಗಣ್ಣನ ಎದುರು ನಿಂತಳು. ಅವಳಿಗೆ ಈಗ ಚಹಾದಂಗಡಿಯ ಕತೆಗಳಲ್ಲಿ ಅರ್ಧದಷ್ಟು ನಿಜವೇ ಇರಬಹುದು ಅನ್ನಿಸತೊಡಗಿತ್ತು. ದೇಶದ ಬಲೆಯ ಒಂದು ಗಂಟನ್ನು ಒಬ್ಬ ಮನುಷ್ಯ ಮೂವತ್ತೊಂದು ವರ್ಷ, ಬಿಸಿಲು ಕಾದು, ತನ್ನ ಮೈಯಡಿ ಇಟ್ಟುಕೊಂಡು ಕಾಪಾಡಿದ್ದಾನೆ. ಅದು ಸುಮ್ಮನೆ ಆಗುವ ಮಾತೇ? ಇಪ್ಪತ್ತು ಜನರೂ ಹತ್ತಿರ ಬಂದರು. ಕಸ್ತೂರೆವ್ವ ಕಿವಿಯ ಮೇಲಿನ ಸೆರಗು ಸರಿಸಿದಳು.

"ಸಂಗಣ್ಣ, ಖರೆ ಹೇಳ್ರಿ" ಎಂದಳು ಸುನಂದಾ. "ಎರಡು ಮೊಳದಾಗ ನೆರಳು ಇತ್ತು. ಊರೆಲ್ಲಾ ಹೇಳಿದ್ರೂ ಸರೀಲಿಲ್ಲ. ಇಷ್ಟು ವರ್ಷ ಇದ ಜಾಗದಾಗ ಯಾಕ ಕುಂತ್ರಿ?"

ಸಂಗಣ್ಣ ಒದ್ದೆಯಾದ ಗುಳಿಯನ್ನು ಟವೆಲಿನ ತುದಿಯಿಂದ ಒರೆಸಿ, ಚೀಲದಿಂದ ಹೊಸ ಉಪ್ಪು ತೆಗೆದು ಅದರಲ್ಲಿಟ್ಟು, ರೊಟ್ಟಿಯ ಗಂಟು ಹತ್ತಿರ ಎಳೆದುಕೊಂಡ.

"ದೇವಿ ಬೆಲ್ಲಕ್ಕ ನೆರಳಾಗ ಇರುವಿ ಭಾಳ್ರಿ ಬಾಯಾರ. ಕಡೀತಾವು."